ಓದುವವನಿಗೆ ನಿದ್ದೆ ಬರುತ್ತಿದ್ದ ಕಾಲ

ಕಳೆದ ಸಲ ಊರಿಗೆ ಬಂದಾಗ ಅಮ್ಮನ ಜೊತೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಹತ್ತಬೇಕಿತ್ತು. ನಾನು ಆಧಾರ್ ಕಾರ್ಡ್ ಹಿಡಿದು ಕ್ಯೂನಲ್ಲಿ ನಿಂತಿದ್ದೆ, ಅಮ್ಮ ಮುಖ ನೋಡಿಯೇ ಗುರುತು ಹಿಡಿಯುವ ಡಿಜಿಯಾತ್ರಾ ಗೇಟಿಗೆ ಮುಖ ತೋರಿಸಿ ಆಗಲೇ ಒಳಗೆ ಹೋಗಿದ್ದರು. ನೀನ್ಯಾಕ ಆ ಆ್ಯಪ್ ಹಾಕ್ಕೊಂಡಿಲ್ಲ ಅಂತ ಬೈಗುಳ ಬೇರೆ. "ಮಾರಿ ತೋರ್ಸಾಕ ಎಂಥಾ ಹೆದರಿಕಿ? ನಾವೇನ್ ಕಳ್ಳರೇನು?"

ನಾನಿರುವ ಬರ್ಲಿನ್ನಿನಲ್ಲಿ ಈ ಮಾತು ನಡೆಯುವುದಿಲ್ಲ. ಮಗಳ ಹುಟ್ಟುಹಬ್ಬದ ಫೋಟೋ ಗ್ರೂಪಿಗೆ ಹಾಕಿದ್ದಕ್ಕೆ ಪಕ್ಕದ ಮನೆಯವರು ಬಂದು, ನಮ್ಮ ಮಗುವಿನ ಮುಖ ಇದೆ, ತೆಗೆಯಿರಿ ಅಂದಿದ್ದರು. ಅತಿಯಾಯ್ತು ಅನಿಸಿತ್ತು. ಆಮೇಲೊಂದು ದಿನ ಪೂರ್ವ ಜರ್ಮನಿಯ ಗುಪ್ತ ಪೊಲೀಸ್, ಅಂದರೆ ಸ್ಟಾಸಿಯ ಹಳೆಯ ಕಚೇರಿ ನೋಡಿ ಬಂದೆ, ಈಗ ಅದು ಮ್ಯೂಸಿಯಂ. 1989ರಲ್ಲಿ ಅದಕ್ಕೆ ಸುಮಾರು 91,000 ನೌಕರರಿದ್ದರು. ಗುಟ್ಟಾಗಿ ಸುದ್ದಿ ಮುಟ್ಟಿಸುವವರು ಇನ್ನೂ 1,80,000ದಷ್ಟು. ಅವರಲ್ಲಿ ನೆರೆಮನೆಯವರು, ಗೆಳೆಯರು, ಕೆಲವು ಕಡೆ ಕಟ್ಟಿಕೊಂಡ ಗಂಡ ಕೂಡ! ಅನುಮಾನ ಬಂದವರ ಮೈವಾಸನೆಯನ್ನೂ ಗಾಜಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಉಳಿದಿರುವ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್, ಬೆಂಗಳೂರಿನಿಂದ ಹೊರಟರೆ ಮಂಡ್ಯ ದಾಟುತ್ತದೆ.

ಆದರೆ ಅಷ್ಟನ್ನೂ ಓದಲು ಮನುಷ್ಯರೇ ಬೇಕಿತ್ತು. ಒಬ್ಬನ ಹಿಂದೆ ಹಗಲೂ ರಾತ್ರಿ ಬೀಳಲು ನಾಲ್ಕಾರು ಜನ ಬೇಕು, ಅವರಿಗೆ ಸಂಬಳ ಕೊಡಬೇಕು, ಅವರಿಗೂ ನಿದ್ದೆ ಬರುತ್ತದೆ. ಈಗ ಆ ಓದುವ ಕೆಲಸಕ್ಕೆ ಯಂತ್ರವೇ ಸಾಕು, ನನಗೆ ಎಐ ಬಗ್ಗೆ ಇರುವ ದಿಗಿಲು ಇದೇ. ರೋಬೋಟ್ ಬಂದು ನಮ್ಮನ್ನು ಆಳುತ್ತದೆ ಎನ್ನುವುದೆಲ್ಲ ಸಿನಿಮಾ ಕಥೆ ಬಿಡಿ. ಸರ್ಕಾರಕ್ಕೆ ನಿದ್ದೆಯೇ ಬಾರದ ಗುಮಾಸ್ತ ಸಿಕ್ಕಿಬಿಟ್ಟಿದ್ದಾನೆ, ಅದೂ ಅಗ್ಗಕ್ಕೆ.

ಇಲ್ಲಿಯವರೇನು ಸಾಚಾ ಅಲ್ಲ. 2017ರಲ್ಲಿ ಇದೇ ಬರ್ಲಿನ್ನಿನ ಸ್ಯೂಡ್‌ಕ್ರಾಯ್ಟ್ಸ್ ರೈಲು ನಿಲ್ದಾಣದಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳ ಪರೀಕ್ಷೆ ನಡೆಯಿತು. ಬೀದಿಯಲ್ಲಿ ಹೋಗುವವರ ಮುಖವನ್ನು ಪೊಲೀಸರು ಆಗಿಂದಾಗಲೇ ಯಂತ್ರದಿಂದ ಹುಡುಕಬಾರದು ಎಂಬ ಯುರೋಪಿನ ನಿಯಮ 2025ರ ಫೆಬ್ರವರಿಯಿಂದ ಜಾರಿಯಲ್ಲಿದೆ, ಭಯೋತ್ಪಾದನೆ, ಕಾಣೆಯಾದವರು ಅಂತ ಅದರಲ್ಲೂ ಕಿಂಡಿಗಳಿವೆ. ಆದರೂ ಜನ ಜಗಳಕ್ಕೆ ನಿಲ್ಲುತ್ತಾರೆ.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ಒಂದೇ ದನಿಯಲ್ಲಿ ಹೇಳಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ ಹಾಕಿದ ಕೇಸಿನಿಂದ. ನಮ್ಮವರೇ! ಆದರೆ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ತನಗೆ ಬೇಕಾದ ಇಲಾಖೆಗೆ ವಿನಾಯಿತಿ ಕೊಡಬಹುದು. ಹಾಗಾದರೆ ಯಾರಿಂದ ರಕ್ಷಣೆ?

ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ 7,000ಕ್ಕೂ ಜಾಸ್ತಿ ಕ್ಯಾಮೆರಾಗಳಿವೆ. ತಂಗಿ ರಾತ್ರಿ ಪಾಳಿ ಮುಗಿಸಿ ಅದೇ ಊರಿನಲ್ಲಿ ಓಡಾಡುತ್ತಾಳೆ, ಹಾಗಾಗಿ ಕಿತ್ತು ಬಿಸಾಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಬರ್ಲಿನ್ನಿನಲ್ಲಿ ಚಿಕ್ಕ ಅಂಗಡಿಯ ಕ್ಯಾಮೆರಾ ಹತ್ತಿರವೂ ಇದು ಯಾರದ್ದು, ಯಾತಕ್ಕೆ ಎಂದು ಬರೆದಿರಬೇಕು. ನಮ್ಮ ಕಂಬಗಳ ಮೇಲೂ ಅಷ್ಟು ಬರೆಯಲಿ, ತೆಗೆದ ಚಿತ್ರವನ್ನು ಎಷ್ಟು ದಿನಕ್ಕೆ ಅಳಿಸುತ್ತೀರಿ ಅನ್ನುವುದನ್ನೂ ಸೇರಿಸಿ, ಅಮ್ಮನಿಗೆ ಓದಲು ಬರುವ ಹಾಗೆ ಕನ್ನಡದಲ್ಲಿ.