ಪುಸ್ತಕ ಇಲ್ಲದವರು ಹೊರಗೆ

2019ರಲ್ಲಿ ನಮ್ಮ ಸರ್ಕಾರ ಶಾಲಾ ಮಕ್ಕಳ ಬ್ಯಾಗಿನ ತೂಕಕ್ಕೆ ಮಿತಿ ಹಾಕಿತು. ಒಂಬತ್ತು, ಹತ್ತನೇ ತರಗತಿಯವರಿಗೂ 4ರಿಂದ 5 ಕೆಜಿ, ಅಷ್ಟೇ. ಡಿಗ್ರಿ ಕಾಲೇಜಿಗೆ ಅಂಥ ಸುತ್ತೋಲೆಯ ಅಗತ್ಯವೇ ಬೀಳಲಿಲ್ಲ. ನನ್ನ ಹುಡುಗರು ಒಂದು ನೋಟ್‌ಬುಕ್ಕನ್ನು ಪ್ಯಾಂಟಿನ ಹಿಂಜೇಬಿಗೆ ಮಡಚಿ ತುರುಕಿಕೊಂಡು ಬರುತ್ತಾರೆ. ಎಲ್ಲ ವಿಷಯಕ್ಕೂ ಅದೊಂದೇ.

"ಟೆಕ್ಸ್ಟ್ ಎಲ್ಲಪ್ಪಾ?" ಅಂದರೆ "ಮೊಬೈಲಲ್ಲಿದೆ ಸಾರ್." ಬೇರೆ ಸಬ್ಜೆಕ್ಟಿಗೆ ನಡೆಯುತ್ತದೇನೋ. ನಾನು ಹೇಳಿಕೊಡುವುದು ಹಳಗನ್ನಡ. ಪದ್ಯ ಎದುರಿಗಿಟ್ಟುಕೊಂಡು, ಪೆನ್ಸಿಲ್ ಹಿಡಿದು ಪದ ಬಿಡಿಸದಿದ್ದರೆ ಎಲ್ಲಿ ಸಂಧಿ, ಎಲ್ಲಿ ಸಮಾಸ ಅಂತ ನನಗೇ ತಿಳಿಯುವುದಿಲ್ಲ. ಯಾರೋ ತೆಗೆದ ಫೋಟೊ ವಾಟ್ಸಾಪಿನಲ್ಲಿ ನಲವತ್ತು ಜನರನ್ನು ದಾಟಿ ಬರುವಷ್ಟರಲ್ಲಿ ೞಕಾರ ಹೊಡೆದು ಸಾಯಿಸಿದ ಸೊಳ್ಳೆಯ ಹಾಗೆ ಕಾಣುತ್ತಿರುತ್ತದೆ. ಒಂದು ಸೋಮವಾರ ಘೋಷಿಸಿಯೇಬಿಟ್ಟೆ: ನಾಳೆಯಿಂದ ಪುಸ್ತಕ ಇಲ್ಲದವರು ಹೊರಗೆ.

ಮಂಗಳವಾರ ಬಸ್ಸು ಕಿಕ್ಕಿರಿದಿತ್ತು. ನಿಂತವರು ತಮ್ಮ ಬ್ಯಾಗನ್ನು ಕೂತವರ ತೊಡೆಗೆ ದಾಟಿಸುವುದು ನಮ್ಮ ಕಡೆಯ ಪದ್ಧತಿ. ನಾನೂ ಒಬ್ಬರು ಅಜ್ಜಿಗೆ ದಾಟಿಸಿದೆ. ಕಾಲೇಜಿನ ಸ್ಟಾಪು ಬಂತು, ಇಳಿದೆ. ಅಜ್ಜಿ, ಬ್ಯಾಗು, ಪುಸ್ತಕ, ಚಿತ್ರಾನ್ನ ಎಲ್ಲ ಮುಂದಕ್ಕೆ ಹೋದವು. (ಬ್ಯಾಗು ಸಂಜೆ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಸಿಕ್ಕಿತು. ಚಿತ್ರಾನ್ನ ಹಳಸಿತ್ತು.)

ಕ್ಲಾಸಿನಲ್ಲಿ ನೋಡಿದರೆ, ಅವತ್ತೇ ಅರ್ಧಕ್ಕರ್ಧ ಜನ ಪುಸ್ತಕ ತಂದಿದ್ದಾರೆ! ಹಿಂದಿನ ಬೆಂಚಿನಿಂದ ಬಹಳ ವಿನಯದ ಪ್ರಶ್ನೆ ಬಂತು: "ಸಾರ್, ಪುಸ್ತಕ ಇಲ್ಲದವರು ಎಲ್ಲರೂ ಹೋಗಬೇಕಾ ಸಾರ್?" ಕೇಳಿಸದವನಂತೆ ಎರಡನೇ ಬೆಂಚಿನ ಹುಡುಗಿಯಿಂದ ಪುಸ್ತಕ ಇಸಕೊಂಡೆ. ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ಕೊಂಡದ್ದಂತೆ.

ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದರೂ ಭೀಮನ ಗರ್ಜನೆಗೆ ಬೆವರುವ ಪದ್ಯ. ಇಲ್ಲಿ ನಾನೊಂದು ಜೋಕ್ ಹೇಳುವುದುಂಟು, ನಮ್ಮ ಕ್ಲಾಸಿನ ಫ್ಯಾನಿನ ಮೇಲೆ. ಬಾಯಿ ತೆರೆದೆ. ಪದ್ಯದ ಪಕ್ಕದ ಅಂಚಿನಲ್ಲಿ, ನೀಲಿ ಇಂಕಿನಲ್ಲಿ, ದುಂಡಗೆ ಬರೆದಿತ್ತು: "ಇಲ್ಲಿ ಫ್ಯಾನ್ ಜೋಕ್. ನಗಬೇಕು. ಇಂಟರ್ನಲ್ಸ್ ಇವರ ಕೈಲಿದೆ."

ಕೊಳವಿಲ್ಲದೆಯೇ ನಾನೂ ಬೆವರಿದೆ. ಜೋಕ್ ನುಂಗಿಕೊಂಡು ಅರ್ಥವಷ್ಟನ್ನೇ ಹೇಳಿದೆ. ಪುಸ್ತಕ ನನ್ನ ಕೈಯಲ್ಲಿದ್ದರೂ, ಎರಡನೇ ಬೆಂಚಿನ ಹುಡುಗಿ ಸರಿಯಾಗಿ ಆ ಜಾಗಕ್ಕೆ ಕಿಸಕ್ಕನೆ ನಕ್ಕಳು.