ಎಫೆಸಸ್ ನೋಡಿದರೆ ಸಾಕಾ?

ಟರ್ಕಿಗೆ ಹೋದವರೆಲ್ಲ ಎಫೆಸಸ್‌ನ ಸೆಲ್ಸಸ್ ಗ್ರಂಥಾಲಯದ ಮುಂದೆ ನಿಂತು ಫೋಟೊ ಹಾಕುತ್ತಾರೆ. ಕಳೆದ ವಾರ ನಾನೂ ಹಾಕಿದೆ. ಕೆಳಗೆ ‘ಪ್ರಾಚೀನ ಗ್ರೀಕ್ ನಗರ’ ಅಂತ ಜಂಬದಿಂದ ಬರೆದಿದ್ದೆ. ಊರು ಗ್ರೀಕರದ್ದು ನಿಜ, ಆದರೆ ಆ ಗ್ರಂಥಾಲಯ ಎದ್ದಿದ್ದು ರೋಮನ್ನರ ಕಾಲದಲ್ಲಿ, ಕ್ರಿ.ಶ. 2ನೇ ಶತಮಾನದಲ್ಲಿ. ಬಿದ್ದುಹೋಗಿದ್ದ ಮುಂಭಾಗವನ್ನು ಮತ್ತೆ ಎತ್ತಿ ನಿಲ್ಲಿಸಿದ್ದು 1970ರ ದಶಕದಲ್ಲಿ. ಚೆಂದ ಇಲ್ಲ ಅಂತಲ್ಲ. ಆದರೆ ಗ್ರೀಕರು ಬದುಕಿದ ಊರು ಹೇಗಿತ್ತು ಅಂತ ನೋಡಬೇಕಾದರೆ ಅಲ್ಲಿಂದ ಸುಮಾರು ಒಂದು ಗಂಟೆ ದಕ್ಷಿಣಕ್ಕೆ, ಪ್ರಿಯೆನೆಗೆ ಹೋಗಬೇಕು.

ನಮ್ಮ ಟೂರಿನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಆ ಮಧ್ಯಾಹ್ನ ಎಲ್ಲರನ್ನೂ ಚರ್ಮದ ಜಾಕೆಟ್ ಅಂಗಡಿಗೆ ಕರೆದುಕೊಂಡು ಹೋಗುವವರಿದ್ದರು. ನಮ್ಮೆಜಮಾನರೂ ನಾನೂ ತಲೆನೋವು ಅಂತ ಹೇಳಿ ಟ್ಯಾಕ್ಸಿ ಹಿಡಿದೆವು.

ಹಿಂದೆ ಗೋಡೆ ಹಾಗೆ ನಿಂತ ಬಂಡೆ, ಸುತ್ತ ಪೈನ್ ಮರ, ಬೆಟ್ಟದ ಇಳಿಜಾರಿನಲ್ಲಿ ಊರು. ಬೀದಿಗಳು ಚೌಕಾಬಾರದ ಮನೆ ಬರೆದ ಹಾಗೆ ನೆಟ್ಟಗೆ. ಅಡ್ಡಬೀದಿಗಳು ಸಮತಟ್ಟು, ಬೆಟ್ಟ ಹತ್ತುವ ಬೀದಿಗಳೆಲ್ಲ ಮೆಟ್ಟಿಲು. ಬೆಟ್ಟ ಒಪ್ಪದಿದ್ದರೂ ನಕ್ಷೆ ಬದಲಾಯಿಸಲ್ಲ ಅನ್ನೋ ಹಟ! ನಾಲ್ಕೈದು ಸಾವಿರ ಜನರ ಊರು ಅಷ್ಟೇ. ಅದಕ್ಕೆ ಸುಮಾರು 640 ಜನ ಕೂರುವ ಸಭಾಭವನ. ಮೂರು ಕಡೆ ಕಲ್ಲಿನ ಮೆಟ್ಟಿಲು, ನಡುವೆ ಬಲಿಪೀಠ. ಅಲ್ಲಿ ಕೂತರೆ ಎದುರಿನವರ ಮುಖ ಕಾಣುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿಗೆ ಹದಿನೈದು ಜನ ಸೇರಲ್ಲ, ಬಿಡಿ.

ಗ್ರೀಕ್ ದೇವತೆ ಅಥೇನಾಳ ಗುಡಿಯಲ್ಲಿ ಐದು ಕಂಬ ಮಾತ್ರ ಎದ್ದು ನಿಂತಿವೆ. ಉಳಿದವು ದುಂಡುದುಂಡು ತುಂಡುಗಳಾಗಿ, ದೊಡ್ಡ ಬೀಸುವ ಕಲ್ಲುಗಳ ಹಾಗೆ ಬಿದ್ದಿವೆ. ನಡುವೆ ಚೌಕಾಕಾರದ ಗುಳಿ. ಒಂದರ ಮೇಲೊಂದು ಕೂರಿಸುವಾಗ ಜಾರದಿರಲಿ ಅಂತ ಅಲ್ಲಿ ಬೆಣೆ ಇಡುತ್ತಿದ್ದರಂತೆ. ನಿಂತ ಕಂಬದಲ್ಲಿ ಇದು ಕಾಣಲ್ಲ. ಹಾಗಾಗಿ ಎಲ್ಲವನ್ನೂ ಎತ್ತಿ ನಿಲ್ಲಿಸಬೇಕು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಈ ಗುಡಿಗೆ ದುಡ್ಡು ಕೊಟ್ಟವನು ಅಲೆಕ್ಸಾಂಡರ್. ಅವನ ಹೆಸರಿನ ಶಾಸನ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅವನು ತಮ್ಮ ಗುಡಿಗೂ ದುಡ್ಡು ಕೊಡಲು ಬಂದಾಗ ಎಫೆಸಸ್‌ನವರು ಮಾತ್ರ ಅವನನ್ನೇ ದೇವರು ಮಾಡಿ, ‘ದೇವರು ದೇವರಿಗೆ ಕಾಣಿಕೆ ಕೊಡೋದು ಸರಿಯಲ್ಲ’ ಅಂತ ನಯವಾಗಿ ಸಾಗಹಾಕಿದರು ಎಂದು ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಜಾಣರು!

ಇಷ್ಟೆಲ್ಲ ಉಳಿದದ್ದು ಹೇಗೆ? ನದಿಯಿಂದ. ಅಂಕುಡೊಂಕಾಗಿ ಹರಿಯೋದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಮಿಯಾಂಡರ್’ ಪದ ಹುಟ್ಟಿದ್ದೇ ಕೆಳಗೆ ಹರಿಯುವ ಈ ನದಿಯ ಹೆಸರಿನಿಂದ. ಅದು ತಂದ ಹೂಳಿಗೆ ಸಮುದ್ರವೇ ಹಿಂದೆ ಸರಿಯಿತು. ಈಗ ಗುಡಿಯ ಮುಂದೆ ನಿಂತರೆ ಕಾಣೋದು ಹತ್ತಿ ಹೊಲ, ಸಮುದ್ರ ಹತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಬಂದರು ಹೋಯಿತು, ವ್ಯಾಪಾರ ಹೋಯಿತು. ದುಡ್ಡಿದ್ದ ಎಫೆಸಸ್ಸನ್ನು ರೋಮನ್ನರು ಅಮೃತಶಿಲೆ ಹಾಕಿ ಹೊಸದು ಮಾಡಿದರು. ಇಲ್ಲಿ ದುಡ್ಡು ಸುರಿಯುವವರು ಕಡಿಮೆ. ಹಳೇ ಮನೆಯನ್ನು ರಿನೋವೇಟ್ ಮಾಡೋಕೆ ದುಡ್ಡಿಲ್ಲದೆ ಅಜ್ಜನ ಕಾಲದ ತೊಟ್ಟಿ ಉಳಿದುಕೊಂಡ ಹಾಗೆ.

ಕೊನೆಗೆ ಕೆಳಗಿನ ವ್ಯಾಯಾಮಶಾಲೆಗೆ ಇಳಿದೆವು. ಹುಡುಗರು ಕೈಕಾಲು ತೊಳೆಯುತ್ತಿದ್ದ ಕಲ್ಲಿನ ತೊಟ್ಟಿಗಳು ಇನ್ನೂ ಇವೆ, ಮೇಲೆ ನೀರು ಬೀಳಲು ಸಿಂಹದ ಬಾಯಿ. ಪಕ್ಕದ ಪಾಠದ ಕೋಣೆಯ ಗೋಡೆ ತುಂಬ ನೂರಾರು ಹೆಸರು ಕೆತ್ತಿದ್ದಾರೆ, ‘ಇದು ಇಂಥವನ ಜಾಗ’ ಅಂತ. ನಾವು ಡೆಸ್ಕಿನ ಮೇಲೆ ಕೈವಾರದಲ್ಲಿ ಕೊರೆಯುತ್ತಿದ್ದೆವಲ್ಲ, ಅದೇ. ಇವರು ಬಗ್ಗಿ ಬೆರಳಿಟ್ಟು ನೋಡಿ, "ಇವನು ಲಾಸ್ಟ್ ಬೆಂಚೇ ಇರಬೇಕು ಕಣೆ" ಅಂದರು.

ಆ ಗೋಡೆಯ ಫೋಟೊ ಇನ್ನೂ ಹಾಕಿಲ್ಲ. ಬಿಸಿಲಿಗೆ ಅಕ್ಷರ ಸರಿಯಾಗಿ ಬಂದಿಲ್ಲ.