ಡಯಾಲಿಸಿಸ್ ಶುರುವಾದ ಮೇಲೂ ಬೇಳೆ ಬಿಡಿಸಬೇಡಿ

ಕಿಡ್ನಿ ಕಾಯಿಲೆ ಅಂತ ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಬಂದ್ ಆಗುವುದು ಬೇಳೆ. ಆಮೇಲೆ ಮೊಟ್ಟೆ, ಮೀನು, ಮೊಸರು. ಕೊನೆಗೆ ಗಂಜಿ, ತಿಳಿಸಾರು, ಎರಡು ಇಡ್ಲಿ ಉಳಿಯುತ್ತವೆ. ಡಯಾಲಿಸಿಸ್‌ಗೆ ಮುಂಚೆ ಈ ಪಥ್ಯಕ್ಕೆ ಸ್ವಲ್ಪ ಅರ್ಥ ಇದೆ. ಡಯಾಲಿಸಿಸ್ ಶುರುವಾದ ಮೇಲೂ ಅದನ್ನೇ ಹಿಡಿದುಕೊಂಡು ಕೂತರೆ ರೋಗಿ ಸೊರಗಿ ಹೋಗುತ್ತಾರೆ. ಇದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ ಅನ್ನುವುದೇ ನನ್ನ ಸಂಕಟ.

ಬೇಳೆ ತಿನ್ನಿ, ಮಾಂಸ ತಿನ್ನಿ, ಅದರ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಒಟ್ಟು 20 ಬಗೆ. ಅದರಲ್ಲಿ 9 ಬಗೆಯನ್ನು ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಕೊಬ್ಬಿನ ಹಾಗೆ ಇವನ್ನು ಕೂಡಿಡಲೂ ಆಗುವುದಿಲ್ಲ. ಬಳಸಿ ಮಿಕ್ಕಿದ್ದರಲ್ಲಿರುವ ಸಾರಜನಕ ಯೂರಿಯಾ ಆಗುತ್ತದೆ. ಅದನ್ನು ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತರೆ ಯೂರಿಯಾ ರಕ್ತದಲ್ಲೇ ಏರುತ್ತದೆ. ಊಟ ಸೇರುವುದಿಲ್ಲ, ವಾಕರಿಕೆ ಬರುತ್ತದೆ. ಅದಕ್ಕೇ ಪ್ರೋಟೀನ್ ಕಡಿಮೆ ಮಾಡಿ ಅನ್ನುತ್ತಾರೆ.

ಈ ಪಥ್ಯಕ್ಕೆ ಹಳೆಯ ಕತೆ ಇದೆ. 1963-64ರಲ್ಲಿ ಇಟಲಿಯ ಜಿಯೋರ್ಡಾನೊ ಮತ್ತು ಜಿಯೊವನೆಟ್ಟಿ ಎಂಬ ವೈದ್ಯರು ಕಿಡ್ನಿ ಪೂರ್ತಿ ಕೈಕೊಟ್ಟವರಿಗೆ ತೀರಾ ಕಡಿಮೆ ಪ್ರೋಟೀನಿನ ಊಟ ಕೊಟ್ಟು ನೋಡಿದರು. ಆಗ ಡಯಾಲಿಸಿಸ್ ಯಂತ್ರ ಸಿಗುತ್ತಿದ್ದದ್ದು ಎಲ್ಲೋ ಕೆಲವರಿಗೆ ಮಾತ್ರ. ಬೇರೆ ದಾರಿ ಇರಲಿಲ್ಲ. ಅವರು ಕೂಡ ಊಟದಿಂದಲೇ ಬರಬೇಕಾದ ಅಮೈನೋ ಆಮ್ಲಗಳು ತಪ್ಪದ ಹಾಗೆ ನೋಡಿಕೊಂಡಿದ್ದರು. ನಾವು ಗಂಜಿ ಕುಡಿಸುವಾಗ ಅಷ್ಟೂ ಮಾಡುವುದಿಲ್ಲ.

ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಯೂರಿಯಾವನ್ನು ಯಂತ್ರ ತೆಗೆಯುತ್ತದೆ, ಜೊತೆಗೆ ಅಮೈನೋ ಆಮ್ಲಗಳನ್ನೂ ತೆಗೆದುಬಿಡುತ್ತದೆ. ಒಂದೊಂದು ಸಲಕ್ಕೆ ಸುಮಾರು 6ರಿಂದ 12 ಗ್ರಾಂ. ವಾರಕ್ಕೆ ಮೂರು ಸಲ ಅಂದರೆ ನೀವೇ ಲೆಕ್ಕ ಹಾಕಿ. ಹಾಗಾಗಿ ಡಯಾಲಿಸಿಸ್‌ಗೆ ಮುಂಚೆ ಕೆಜಿ ತೂಕಕ್ಕೆ 0.6ರಿಂದ 0.8 ಗ್ರಾಂ ಪ್ರೋಟೀನ್ ಸಾಕು ಅನ್ನುವ ತಜ್ಞರೇ, ಆಮೇಲೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ. 60 ಕೆಜಿ ತೂಗುವವರಿಗೆ ದಿನಕ್ಕೆ 60ರಿಂದ 72 ಗ್ರಾಂ. ಇನ್ನೂರು ಗ್ರಾಂ ಅಕ್ಕಿಯ ಅನ್ನದಲ್ಲಿ ಸಿಗುವುದು ಸುಮಾರು 15 ಗ್ರಾಂ. ಅದರಲ್ಲೂ ಲೈಸೀನ್ ಎಂಬ ಅಮೈನೋ ಆಮ್ಲ ತೀರಾ ಕಮ್ಮಿ. ಆರೋಗ್ಯವಂತರಿಗೇ ಕೆಜಿಗೆ 30 ಮಿಲಿಗ್ರಾಂ ಲೈಸೀನ್ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. 1985ರ ವರದಿಯಲ್ಲಿ ಅದು ಬರೀ 12 ಇತ್ತು. ಈ ಬದಲಾವಣೆಯ ಹಿಂದೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪೌಷ್ಟಿಕ ಆಹಾರ ತಜ್ಞ ಅನುರಾ ಕುರ್ಪಾಡ್ ಅವರ ತಂಡ ಮಾಡಿದ ಅಧ್ಯಯನಗಳೂ ಇವೆ. ಆ ಲೈಸೀನ್ ನಮಗೆ ಅಗ್ಗದಲ್ಲಿ ಸಿಗುವುದೇ ಬೇಳೆಕಾಳಿನಿಂದ. ನಾವು ಮೊದಲು ಬಿಡಿಸುವುದೂ ಅದನ್ನೇ!

ನಮ್ಮ ಚಿಕ್ಕಪ್ಪನದೂ ಹೀಗೇ ಆಯಿತು. ತಿಂಗಳ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಸೋತಿದೆ ಅಂತ ನೋಡುವ ರಕ್ತದ ಅಂಶ) ಇಳಿದಿತ್ತು. "ನೋಡು, ಪಥ್ಯ ಮಾಡಿದ್ದಕ್ಕೆ ಎಷ್ಟು ಇಳಿದಿದೆ" ಅಂತ ಚಿಕ್ಕಮ್ಮ ಖುಷಿಯಲ್ಲಿದ್ದರು. ಅತ್ತ ಚಿಕ್ಕಪ್ಪನ ವಾಚು ಮುಂಗೈಯಿಂದ ಮೊಣಕೈವರೆಗೆ ಜಾರುತ್ತಿತ್ತು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಿತ್ತು. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಸ್ನಾಯು ಕರಗಿದರೂ ಅದು ಇಳಿಯುತ್ತದೆ. ಕಾಲಿನಲ್ಲಿ ನೀರು ತುಂಬಿದ್ದರೆ ತೂಕವೂ ಇಳಿದಂತೆ ಕಾಣುವುದಿಲ್ಲ. ಹೊಟ್ಟೆಗೆ ಸಾಲದೇ ಹೋದಾಗ ದೇಹ ತನ್ನ ಸ್ನಾಯುವನ್ನೇ ಒಡೆದು ಉರಿಸುತ್ತದೆ, ಅದರಿಂದಲೂ ಯೂರಿಯಾ ಆಗುತ್ತದೆ. ಅಂದರೆ ಉಪವಾಸ ಕೆಡವಿ ಗಳಿಸಿದ್ದು ಏನೂ ಇಲ್ಲ. ಅವರು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಮೊದಲ ದಿನ ಕೊಟ್ಟ ಪಥ್ಯದ ಚೀಟಿಯನ್ನು ಆಮೇಲೆ ಯಾರೂ ಬದಲಾಯಿಸಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ.

ಹಾಗಂತ ಮನಸ್ಸಿಗೆ ಬಂದಷ್ಟು ತಿನ್ನಿಸಿ ಅಂತ ನಾನು ಹೇಳುತ್ತಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಎರಡೂ ಏರುತ್ತವೆ, ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯವೇ ನಿಲ್ಲಬಹುದು. ಮೊಟ್ಟೆಯ ಬಿಳಿಭಾಗ ಇಲ್ಲಿ ದೊಡ್ಡ ಆಸರೆ. ಒಂದರಲ್ಲಿ ಮೂರೂವರೆ ಗ್ರಾಂ ಪ್ರೋಟೀನ್, ಒಂಬತ್ತೂ ಅಮೈನೋ ಆಮ್ಲ ಇವೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆ ತಿನ್ನದವರು ಕಾಳು ನೆನೆಸಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ಪೊಟ್ಯಾಸಿಯಂ ಸುಮಾರಷ್ಟು ಆ ನೀರಿಗೆ ಇಳಿದಿರುತ್ತದೆ. ನಮ್ಮ ಕಡೆಯ ಬಸ್ಸಾರಿನಲ್ಲಿ ಆಗುವುದು ಇದಕ್ಕೆ ಉಲ್ಟಾ ಅಲ್ವಾ? ಕಾಳು, ಸೊಪ್ಪು ಬಸಿದ ಕಟ್ಟಿನಲ್ಲೇ ಸಾರು ಮಾಡುತ್ತೇವೆ. ಕಿಡ್ನಿ ರೋಗಿಗೆ ಆ ಸಾರು ಬೇಡ, ಬಸಿದ ಕಾಳಿನ ಪಲ್ಯ ಹಾಕಿ. ಹಾಂ, ನೋಡಲು ಬರುವವರು ಎಳನೀರು ತರುತ್ತಾರೆ. ದಯವಿಟ್ಟು ಕುಡಿಸಬೇಡಿ, ಅದರ ತುಂಬಾ ಪೊಟ್ಯಾಸಿಯಂ. ಎಷ್ಟು ಕಾಳು, ಎಷ್ಟು ಮೊಟ್ಟೆ ಅನ್ನುವುದನ್ನು ಅವರವರ ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು.

ಪ್ರೋಟೀನ್ ಪೌಡರ್ ಡಬ್ಬಿಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಊಟವೇ ಸೇರದವರಿಗೆ ಬೇಕಾಗಬಹುದು, ಡಾಕ್ಟರ್ ಬರೆದರೆ ತೆಗೆದುಕೊಳ್ಳಿ. ಜಿಮ್ಮಿನವರು ಕುಡಿಯುವ ಡಬ್ಬಿ ಮಾತ್ರ ತರಬೇಡಿ.

2016ರಲ್ಲಿ ಕೇಂದ್ರ ಸರ್ಕಾರದ ಡಯಾಲಿಸಿಸ್ ಯೋಜನೆ ಬಂತು. ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಬಡವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಯಂತ್ರದ ಪಕ್ಕ ಊಟದ ಬಗ್ಗೆ ಹೇಳುವ ಒಬ್ಬರು ಡಯಟಿಷಿಯನ್ ಬೇಕು. ಶಾಲೆ ಮಕ್ಕಳಿಗೆ ಸರ್ಕಾರ ಮೊಟ್ಟೆ ಕೊಡುತ್ತಿದೆ, ಒಳ್ಳೆಯ ಕೆಲಸ. ಡಯಾಲಿಸಿಸ್ ಮುಗಿಸಿ ಬಸ್ ಹತ್ತುವವರ ಕೈಗೂ ಎರಡು ಬೇಯಿಸಿದ ಮೊಟ್ಟೆ, ಬೇಡ ಅನ್ನುವವರಿಗೆ ಒಂದು ಪೊಟ್ಟಣ ಉಸಲಿ ಕೊಡಲಿ. ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು: ಮುಂದಿನ ಸಲ ರಿಪೋರ್ಟ್ ಬಂದಾಗ ಕ್ರಿಯಾಟಿನಿನ್ ಜೊತೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಎಷ್ಟಿದೆ ನೋಡಿ. ಕಡಿಮೆ ಇದ್ದರೆ "ಪ್ರೋಟೀನ್ ಎಷ್ಟು ಗ್ರಾಂ ಕೊಡಬೇಕು, ಯಾವುದರಿಂದ ಕೊಡಬೇಕು" ಅಂತ ಡಾಕ್ಟರನ್ನು ಕೇಳಿ, ಹಳೆಯ ಚೀಟಿ ಬದಲಾಯಿಸಿ ಬರೆಸಿಕೊಂಡೇ ಬನ್ನಿ.